ಮಣ್ಣಿನಡಿಯ ಮನುಷ್ಯರು: ಪ್ರಾಚೀನ ಅಸ್ಥಿಪಂಜರ ಕಂಡ ಗಳಿಗೆಯಿಂದ ಪ್ರಯೋಗಾಲಯದವರೆಗೆ

ಬಾವಿ ತೋಡುವಾಗ, ಮನೆಯ ಪಾಯ ತೆಗೆಯುವಾಗ, ಜೆಸಿಬಿ ಹಚ್ಚಿ ಹೊಲ ಮಟ್ಟ ಮಾಡುವಾಗ ನೆಲದೊಳಗಿಂದ ಮನುಷ್ಯರ ಎಲುಬು ಹೊರಬೀಳುವುದು ನಮ್ಮ ಕಡೆ ಹೊಸ ಸಂಗತಿಯಲ್ಲ. ಮಸ್ಕಿ, ಪಿಕ್ಲಿಹಾಳ, ತೆಕ್ಕಲಕೋಟೆ, ಬ್ರಹ್ಮಗಿರಿ, ಹಳ್ಳೂರು, ಕಾವೇರಿಯ ದಂಡೆಯಲ್ಲಿ ತಿರುಮಕೂಡಲು ನರಸೀಪುರ: ಮೂರು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಜನ ಊರು ಕಟ್ಟಿ, ತಮ್ಮವರನ್ನು ಮಣ್ಣಿಗೊಪ್ಪಿಸಿದ ನೆಲ ಇದು. ಹೀಗೆ ಹೊರಬಿದ್ದ ಎಲುಬುಗಳಲ್ಲಿ ಹೆಚ್ಚಿನವು ಯಾವ ತಜ್ಞರ ಕಣ್ಣಿಗೂ ಬೀಳುವುದಿಲ್ಲ. ಯಾರೋ ತಲೆಬುರುಡೆಯನ್ನು ಎತ್ತಿ ಬದುವಿನ ಮೇಲಿಡುತ್ತಾರೆ, ಇನ್ನಾರೋ ಮಡಕೆಯನ್ನು ಒಡೆದು ಒಳಗೆ ಬಂಗಾರವಿದೆಯೇ ಎಂದು ನೋಡುತ್ತಾರೆ, ಸಂಜೆಯ ಹೊತ್ತಿಗೆ ಉಳಿದದ್ದು ಮಣ್ಣಿನ ರಾಶಿಯ ಜೊತೆ ಟ್ರ್ಯಾಕ್ಟರ್ ಏರಿರುತ್ತದೆ.

ಈ ಬರಹ ಇಬ್ಬರಿಗಾಗಿ. ಒಬ್ಬರು, ಆಕಸ್ಮಿಕವಾಗಿ ಎಲುಬು ಕಂಡವರು. ಇನ್ನೊಬ್ಬರು, ಪುರಾತತ್ವ ಅಥವಾ ಮಾನವಶಾಸ್ತ್ರ ಓದುತ್ತ ಮೊದಲ ಬಾರಿ ಅಗೆತದ ಗುಂಡಿಗೆ ಇಳಿಯಲಿರುವ ವಿದ್ಯಾರ್ಥಿ. ಇಬ್ಬರೂ ನೆನಪಿಡಬೇಕಾದದ್ದು ಒಂದೇ: ಎಲುಬು ಎಷ್ಟು ಹೇಳುತ್ತದೋ, ಅದು ಮಲಗಿರುವ ಬಗೆ ಅದಕ್ಕಿಂತ ಹೆಚ್ಚು ಹೇಳುತ್ತದೆ. ಎಲುಬನ್ನು ಮತ್ತೆ ಮತ್ತೆ ಪರೀಕ್ಷಿಸಬಹುದು. ಮಲಗಿದ ಬಗೆಯನ್ನು ನೋಡಲು ಸಿಗುವುದು ಒಂದೇ ಅವಕಾಶ.

ಹೆಜ್ಜೆ 1: ಕೈ ತೆಗೆಯಿರಿ, ಕೆಲಸ ನಿಲ್ಲಿಸಿ

ಎಲುಬು ಕಂಡ ಕೂಡಲೇ ಸಲಿಕೆ, ಹಾರೆ, ಯಂತ್ರ ಎಲ್ಲವನ್ನೂ ನಿಲ್ಲಿಸಿ. ಕಂಡದ್ದನ್ನು ಮೇಲೆತ್ತಬೇಡಿ, ಈಗಾಗಲೇ ಎತ್ತಿದ್ದರೆ ಮತ್ತೆ ಅಲ್ಲೇ ತುರುಕಲು ಹೋಗಬೇಡಿ, ಅದು ಸಿಕ್ಕ ಜಾಗದಲ್ಲಿ ಒಂದು ಗೂಟ ನೆಟ್ಟು, ಎಲುಬನ್ನು ಪಕ್ಕದಲ್ಲಿ ನೆರಳಲ್ಲಿಡಿ. ಮೊಬೈಲಿನಲ್ಲಿ ದೂರದಿಂದ ಒಂದು, ಹತ್ತಿರದಿಂದ ಒಂದು ಫೋಟೊ ತೆಗೆಯಿರಿ. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ಪೆನ್ನು ಇಟ್ಟರೆ ಸಾಕು. ನೀರು ಹಾಕಿ ತೊಳೆಯಬೇಡಿ. ಬಿಸಿಲು ಬೀಳುವ ಜಾಗವಾದರೆ ಮೇಲೆ ಗೋಣಿಚೀಲ ಹೊದಿಸಿ. ಸಾವಿರಾರು ವರ್ಷ ತಂಪಿನಲ್ಲಿದ್ದ ಎಲುಬು ಒಂದೇ ಮಧ್ಯಾಹ್ನದ ಬಿಸಿಲಿಗೆ ಸೀಳಿಬಿಡುತ್ತದೆ.

ಅದು ಮನುಷ್ಯರದೋ ಪ್ರಾಣಿಯದೋ ಎಂಬ ಪ್ರಶ್ನೆ ತಕ್ಷಣ ಏಳುತ್ತದೆ. ಹಲ್ಲು ಕಂಡರೆ ಸುಲಭ: ದನ, ಕುರಿ, ಮೇಕೆಗಳ ದವಡೆ ಹಲ್ಲುಗಳ ಮೇಲೆ ಬಾಗಿದ ಗೆರೆಗಳ ಸಾಲಿರುತ್ತದೆ, ಮನುಷ್ಯರ ಹಲ್ಲು ಗುಂಡು ದಿಬ್ಬಗಳಿರುವ ಪುಟ್ಟ ಚೌಕ. ಮನುಷ್ಯರ ತೊಡೆಮೂಳೆಯ ಹಿಂಬದಿಯಲ್ಲಿ ಉದ್ದಕ್ಕೂ ಒಂದು ಏಣು ಎದ್ದು ಕಾಣುತ್ತದೆ, ಮೇಲ್ತುದಿಯಲ್ಲಿ ಚೆಂಡಿನಂಥ ಗುಂಡು ಇರುತ್ತದೆ. ಎಳೆಗೂಸಿನ ಎಲುಬನ್ನು ಕೋಳಿಯದೆಂದು ಎಸೆಯುವುದು ಅತ್ಯಂತ ಸಾಮಾನ್ಯ ತಪ್ಪು. ಮಡಕೆಯೊಳಗೆ ತೆಳುವಾದ ಸಣ್ಣ ಎಲುಬುಗಳು ಕಂಡರೆ ಮೊದಲು ಮಗುವನ್ನು ನೆನೆಯಿರಿ.

ಹೆಜ್ಜೆ 2: ಯಾರಿಗೆ ಹೇಳಬೇಕು

ಮೊದಲು ಪೊಲೀಸ್ ಠಾಣೆಗೆ, ಜೊತೆಗೇ ಗ್ರಾಮ ಆಡಳಿತಾಧಿಕಾರಿ ಅಥವಾ ತಹಶೀಲ್ದಾರರಿಗೆ. ಪೊಲೀಸರೇಕೆ ಎಂದು ಹಿಂಜರಿಯಬೇಡಿ. ಎಲುಬು ಮೂರು ಸಾವಿರ ವರ್ಷದ್ದೋ ಮೂವತ್ತು ವರ್ಷದ್ದೋ ಎಂಬುದು ಗುಂಡಿಯ ದಡದಲ್ಲಿ ನಿಂತವರು ತೀರ್ಮಾನಿಸುವ ವಿಷಯವಲ್ಲ. ಯಾವುದೋ ಮನೆಯವರು ಕಾಣೆಯಾದವರಿಗಾಗಿ ಇನ್ನೂ ಕಾಯುತ್ತಿರಬಹುದು. ಪಕ್ಕದಲ್ಲಿ ಬಟ್ಟೆಯ ಗುಂಡಿ, ಪ್ಲಾಸ್ಟಿಕ್, ಹಲ್ಲಿಗೆ ತುಂಬಿಸಿದ ಸಿಮೆಂಟು ಕಂಡರೆ ಅದು ಈ ಕಾಲದ್ದು. ಒಳಗೆ ಕಪ್ಪು, ಹೊರಗೆ ಕೆಂಪು ಬಣ್ಣದ ಮಡಕೆ, ತುಕ್ಕು ಹಿಡಿದ ಕಬ್ಬಿಣದ ಕೊಡಲಿ, ಸುತ್ತಲೂ ದುಂಡಗೆ ಜೋಡಿಸಿದ ಗುಂಡುಕಲ್ಲುಗಳು ಇದ್ದರೆ ಕಬ್ಬಿಣ ಯುಗದ ಬೃಹತ್ ಶಿಲಾ ಸಮಾಧಿ ಇರಬಹುದು. ಇವೆರಡರ ನಡುವೆ ಬರುವ ಇನ್ನೊಂದು ಸಂಗತಿ ನಮ್ಮಲ್ಲಿದೆ. ಕುಳಿತ ಭಂಗಿಯ ಅಸ್ಥಿಪಂಜರ, ಎಡ ಅಂಗೈಯ ಬಳಿ ಇಷ್ಟಲಿಂಗ, ಸುತ್ತ ವಿಭೂತಿಯ ಬಿಳಿ ಪುಡಿ ಕಂಡರೆ ಅದು ಲಿಂಗಾಯತ ಸಮಾಧಿ; ಅವರ ಮನೆತನದವರು ಅದೇ ಊರಿನಲ್ಲಿರಬಹುದು. ಅವರನ್ನು ಕೇಳದೆ ಒಂದು ಹಿಡಿ ಮಣ್ಣನ್ನೂ ಕದಲಿಸಬಾರದು.

ಹಳೆಯದೆಂದು ತೋರಿದರೆ ವಿಷಯ ರಾಜ್ಯದ ಪುರಾತತ್ವ ಇಲಾಖೆಗೆ ಅಥವಾ ಭಾರತೀಯ ಪುರಾತತ್ವ ಸರ್ವೇಕ್ಷಣದ ಬೆಂಗಳೂರು, ಧಾರವಾಡ, ಹಂಪಿ ಕಚೇರಿಗಳಲ್ಲೊಂದಕ್ಕೆ ತಲುಪಬೇಕು. ಕುತೂಹಲದಿಂದ ನೀವೇ ಅಗೆಯುವುದು ಕಾನೂನಿಗೆ ವಿರುದ್ಧ. ಶಾಸ್ತ್ರೀಯ ಉತ್ಖನನಕ್ಕೆ 1958ರ ಕಾಯ್ದೆಯ ಚೌಕಟ್ಟಿನಲ್ಲಿ ಪರವಾನಗಿ ಬೇಕು. ಬೆಲೆಬಾಳುವ ವಸ್ತು ಸಿಕ್ಕರೆ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ಒಂದು ಎಚ್ಚರಿಕೆ: ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಫೋಟೊ ಹಾಕಬೇಡಿ. ನಿಧಿಯ ಮಾತು ಹಬ್ಬಿದ ರಾತ್ರಿಯೇ ಸಮಾಧಿಗಳು ಬಗೆಯಲ್ಪಡುತ್ತವೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಗುಡ್ಡದ ಮೇಲಿನ ಕಲ್ಮನೆಗಳಂಥ ಅಪೂರ್ವ ನೆಲೆಯೂ ನಿಧಿಗಳ್ಳರ ಕೈಯಿಂದ ಪಾರಾಗಿಲ್ಲ. ಇಷ್ಟಕ್ಕೂ ಆ ಸಮಾಧಿಗಳಲ್ಲಿ ಸಿಗುವುದು ಮಡಕೆ, ಮಣಿ, ಕಬ್ಬಿಣ ಮತ್ತು ಎಲುಬು.

ಎಲುಬಿನ ಚಿತ್ರಗಳು ಹಬ್ಬುವ ಬಗೆಗೆ ಇನ್ನೊಂದು ಮಾತು. ಘಟೋತ್ಕಚನ ಅಸ್ಥಿಪಂಜರವೆಂದು ವರ್ಷಗಟ್ಟಲೆ ಎಲ್ಲರ ಮೊಬೈಲು ಸುತ್ತಿದ ದೈತ್ಯ ಎಲುಬುಗೂಡಿನ ಚಿತ್ರ ನಿಮಗೂ ಬಂದಿರುತ್ತದೆ. ಅದು 2002ರಲ್ಲಿ ಒಂದು ಚಿತ್ರ ತಿದ್ದುವ ಸ್ಪರ್ಧೆಗಾಗಿ ಕಂಪ್ಯೂಟರಿನಲ್ಲಿ ಜೋಡಿಸಿದ್ದು. ಹಿನ್ನೆಲೆಯಲ್ಲಿರುವುದು 2000ದಲ್ಲಿ ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕಿನಲ್ಲಿ ಆನೆಯ ದೂರದ ಬಳಗದ ಮ್ಯಾಸ್ಟೊಡಾನ್ ಪ್ರಾಣಿಯ ಎಲುಬು ತೆಗೆದ ಜಾಗ. ನಮ್ಮ ನೆಲದ ನಿಜವಾದ ಪೂರ್ವಿಕರು ಐದೂವರೆ ಅಡಿಯವರು. ಅವರ ಕಥೆಗೆ ದೈತ್ಯರ ಹಂಗು ಬೇಕಿಲ್ಲ.

ಹೆಜ್ಜೆ 3: ಮಣ್ಣನ್ನು ಓದಿ

ಇಲ್ಲಿಂದ ಮುಂದಿನದು ಪರವಾನಗಿ ಪಡೆದ ತಂಡದ ಕೆಲಸ. ಅಗೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಈ ಮಣ್ಣು ಎಲುಬನ್ನು ಉಳಿಸುವ ಮಣ್ಣೇ? ಮಲೆನಾಡು, ಕರಾವಳಿಗಳ ಜಂಬಿಟ್ಟಿಗೆ ಮಣ್ಣು ಹುಳಿ, ಎಲುಬನ್ನು ಕರಗಿಸಿಬಿಡುತ್ತದೆ. ಅಲ್ಲಿ ಸಮಾಧಿ ಸಿಕ್ಕರೂ ಒಳಗೆ ಬರಿಯ ಬಣ್ಣದ ನೆರಳು, ಒಂದೆರಡು ಹಲ್ಲಿನ ಕವಚ ಉಳಿದಿರಬಹುದು. ಬಯಲುಸೀಮೆಯ ಎರೆಮಣ್ಣು ಹುಳಿಯಲ್ಲ, ಆದರೆ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತ ಎಲುಬನ್ನು ನುರಿಸುತ್ತದೆ. ಬೂದಿದಿಬ್ಬಗಳ ಕಥೆ ಬೇರೆ. ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟ ಬೂದಿಯ ಆ ದಿಬ್ಬಗಳ ಮಣ್ಣು ಕ್ಷಾರ, ಎಲುಬನ್ನು ಉಳಿಸುತ್ತದೆ. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1990ರ ದಶಕದಲ್ಲಿ ಉತ್ಖನನ ನಡೆಸಿದಾಗ ಮಕ್ಕಳ ಸಮಾಧಿಗಳು ಸಿಕ್ಕವು.

ಗುಂಡಿಯ ಅಂಚನ್ನು ಹುಡುಕಿ. ಹಿಂದಿನವರು ಹೆಣ ಹೂಳಲು ಅಗೆದ ಕುಳಿ ತುಂಬಿದ ಮೇಲೂ ಅದರ ಮಣ್ಣು ಸುತ್ತಲಿನ ಮಣ್ಣಿಗಿಂತ ಸಡಿಲವಾಗಿ, ಬಣ್ಣದಲ್ಲಿ ಒಂದು ಛಾಯೆ ಬೇರೆಯಾಗಿ ಕಾಣುತ್ತದೆ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ, ಸ್ವಲ್ಪ ನೀರು ಚಿಮುಕಿಸಿ ನೋಡಿದರೆ ಎದ್ದು ತೋರುತ್ತದೆ. ಕುಳಿಯನ್ನು ಯಾವ ಪದರದಿಂದ ತೋಡಲಾಗಿತ್ತು ಎಂಬುದೇ ಸಮಾಧಿಯ ಕಾಲಕ್ಕೆ ಮೊದಲ ಸಾಕ್ಷಿ. ಈ ಶಿಸ್ತಿನ ಮೊದಲ ಪಾಠಗಳಲ್ಲೊಂದು ನಮ್ಮ ನಾಡಿನಲ್ಲೇ ನಡೆಯಿತು. 1850ರ ಆಸುಪಾಸಿನಲ್ಲಿ ಸುರಪುರದಲ್ಲಿ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಜೇವರ್ಗಿಯ ಬಳಿಯ ಕಲ್ಗೋರಿಗಳನ್ನು ತೆಗೆಸಿದಾಗ, ಯಾವ ಪದರದಲ್ಲಿ ಯಾವ ಎಲುಬು, ಯಾವ ಮಡಕೆ ಇತ್ತು ಎಂಬ ಅಡ್ಡಕೊಯ್ತದ ಚಿತ್ರ ಬರೆದಿಟ್ಟರು. ಹೆಚ್ಚಿನವರು ವಸ್ತುಗಳನ್ನಷ್ಟೇ ಕಿತ್ತು ತರುತ್ತಿದ್ದ ಕಾಲ ಅದು.

ಹೆಜ್ಜೆ 4: ಬಿಡಿಸುವುದು

ಕರಣೆಯ ಕೆಲಸ ಎಲುಬಿನಿಂದ ಒಂದು ಗೇಣು ಮೇಲೇ ಮುಗಿಯಬೇಕು. ಆಮೇಲೆ ಸೀಳಿ ನಯಮಾಡಿದ ಬಿದಿರ ಕಡ್ಡಿ, ಮೆತ್ತನೆಯ ಬ್ರಷ್, ಗಾಳಿ ಊದುವ ರಬ್ಬರ್ ಬುಡ್ಡಿ. ಕಬ್ಬಿಣದ ಮೊನೆ ತಾಗಿದರೆ ಎಲುಬಿನ ಮೇಲೆ ಗೀರು ಬೀಳುತ್ತದೆ. ಮುಂದೊಂದು ದಿನ ಅದನ್ನು ನೋಡಿದವರು ಪ್ರಾಚೀನ ಕತ್ತಿಯ ಗಾಯವೆಂದು ಬರೆದಾರು. ಹೊಸ ಗೀರು ಒಳಗಿನ ತಿಳಿ ಬಣ್ಣ ತೋರುತ್ತದೆ, ಹಳೆಯದು ಮೇಲ್ಮೈಯ ಬಣ್ಣವನ್ನೇ ಹೊತ್ತಿರುತ್ತದೆ. ಈ ಗುರುತು ನಿಮಗೆ ಪ್ರಯೋಗಾಲಯದಲ್ಲಿ ಮತ್ತೆ ಬೇಕಾಗುತ್ತದೆ.

ನಡುವಿನಿಂದ ಹೊರಕ್ಕೆ, ಮೇಲಿನಿಂದ ಕೆಳಕ್ಕೆ ಸಾಗಿ. ಯಾವ ಎಲುಬನ್ನೂ ಪೂರ್ತಿ ಬಿಡಿಸುವವರೆಗೆ ಅಲ್ಲಾಡಿಸಬೇಡಿ. ಪ್ರತಿ ಎಲುಬಿನ ಕೆಳಗೆ ಮಣ್ಣಿನ ಪೀಠ ಉಳಿಸಿ. ಕೈ ಪಾದಗಳನ್ನು ಕೊನೆಗೆ ಬಿಡಿಸಿ, ಏಕೆಂದರೆ ವಯಸ್ಕರ 206 ಎಲುಬುಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಒಟ್ಟು 106, ಎರಡು ಕೈ ಎರಡು ಪಾದಗಳಲ್ಲಿವೆ. ಮೊದಲೇ ಬಿಡಿಸಿದರೆ ಓಡಾಟದಲ್ಲಿ ಚೆಲ್ಲಾಪಿಲ್ಲಿಯಾಗುತ್ತವೆ. ವಿದ್ಯಾರ್ಥಿಯಾಗಿದ್ದಾಗ ನಾನು ಎರಡೂ ಪಾದಗಳ ಸಣ್ಣ ಎಲುಬುಗಳನ್ನು ಒಂದೇ ಚೀಲಕ್ಕೆ ಹಾಕಿದೆ. ಮೇಜಿನ ಮೇಲೆ ಎಡ ಬಲ ಬೇರ್ಪಡಿಸಲು ಎರಡು ವಾರ ಹಿಡಿಯಿತು, ಕೆಲವು ಕೊನೆಗೂ ಬೇರ್ಪಡಲಿಲ್ಲ. ಅಂದಿನಿಂದ ಎಡಗೈ, ಬಲಗೈ, ಎಡಪಾದ, ಬಲಪಾದಗಳಿಗೆ ನಾಲ್ಕು ಚೀಲಗಳನ್ನು ಹೆಸರು ಬರೆದು ಮೊದಲೇ ಸಿದ್ಧಮಾಡಿಟ್ಟುಕೊಂಡೇ ಗುಂಡಿಗೆ ಇಳಿಯುತ್ತೇನೆ.

ಈಗ ಮಲಗಿದ ಬಗೆ. ತಲೆ ಯಾವ ದಿಕ್ಕಿಗೆ, ಮುಖ ಎತ್ತ ತಿರುಗಿದೆ, ಕಾಲು ನೀಳವೋ ಮಡಿಚಿದೆಯೋ, ಕೈ ಎಲ್ಲಿದೆ. ಮೊಣಕಾಲ ಚಿಪ್ಪು, ಬೆರಳಿನ ಎಲುಬು, ಕತ್ತಿನ ಮಣಿಗಳು ತಂತಮ್ಮ ಜಾಗದಲ್ಲೇ ಇದ್ದರೆ ಶವವನ್ನು ಮಾಂಸವಿರುವಾಗಲೇ ಹೂಳಲಾಗಿತ್ತು ಎಂದರ್ಥ. ಉದ್ದೆಲುಬು, ತಲೆಬುರುಡೆಗಳು ಮಾತ್ರ ಕಂತೆ ಕಟ್ಟಿದಂತೆ ಇದ್ದು ಸಣ್ಣವು ಇಲ್ಲವಾಗಿದ್ದರೆ, ಬೇರೆಲ್ಲೋ ಕೊಳೆಯಲು ಬಿಟ್ಟು ಆಮೇಲೆ ಎಲುಬು ಆಯ್ದು ತಂದು ಇಟ್ಟ ಎರಡನೆಯ ಸಂಸ್ಕಾರ. 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ ಬ್ರಹ್ಮಗಿರಿಯ ಕಿಂಡಿಯುಳ್ಳ ಕಲ್ಲುಪೆಟ್ಟಿಗೆಗಳೂ ಸೇರಿ ದಕ್ಷಿಣದ ಎಷ್ಟೋ ಬೃಹತ್ ಶಿಲಾ ಸಮಾಧಿಗಳಲ್ಲಿ ಹೀಗೆ ಆಯ್ದಿಟ್ಟ ಎಲುಬುಗಳೇ ಸಿಗುತ್ತವೆ. ಒಂದೇ ಪೆಟ್ಟಿಗೆಯಲ್ಲಿ ಹಲವರು ಇರಬಹುದು.

ಮಲಗಿದ ಬಗೆ ಎಷ್ಟು ಹೇಳಬಲ್ಲದು ಎನ್ನುವುದಕ್ಕೆ ನಾನು ವಿದ್ಯಾರ್ಥಿಗಳಿಗೆ ಸದಾ ತೋರಿಸುವುದು ಪುಣೆ ಜಿಲ್ಲೆಯ ಇನಾಮಗಾಂವ್. 1968ರಿಂದ 1983ರವರೆಗೆ ಡೆಕ್ಕನ್ ಕಾಲೇಜು ಅಲ್ಲಿ ಉತ್ಖನನ ನಡೆಸಿ ಇನ್ನೂರಕ್ಕೂ ಹೆಚ್ಚು ಸಮಾಧಿಗಳನ್ನು ದಾಖಲಿಸಿತು. ಮಕ್ಕಳನ್ನು ಎರಡು ಗಡಿಗೆಗಳ ಬಾಯಿಗೆ ಬಾಯಿ ಸೇರಿಸಿ ಮನೆಯ ನೆಲದಡಿಯೇ ಹೂಳಿದ್ದರು. ದೊಡ್ಡವರನ್ನು ನೀಳವಾಗಿ ಮಲಗಿಸಿದ್ದರು. ಎಷ್ಟೋ ಜನರ ಪಾದಗಳು ಇರಲಿಲ್ಲ. ಹೂಳುವ ಮುನ್ನವೇ ಕತ್ತರಿಸಲಾಗಿತ್ತು. ಸತ್ತವರು ಎದ್ದು ನಡೆದು ಹೋಗದಿರಲಿ ಎಂದೋ, ಮನೆಯವರನ್ನು ಬಿಟ್ಟು ಹೋಗದಿರಲಿ ಎಂದೋ? ಉತ್ತರ ಏನೇ ಇರಲಿ, ಆ ಪ್ರಶ್ನೆ ಹುಟ್ಟಿದ್ದು ಗುಂಡಿಯಲ್ಲಿ ಕಾಲಿನ ತುದಿಯನ್ನು ತಾಳ್ಮೆಯಿಂದ ಬಿಡಿಸಿ ನೋಡಿದ್ದರಿಂದ. ಎಲುಬುಗಳನ್ನು ಬಾಚಿ ತಂದಿದ್ದರೆ ಪಾದಗಳು ಅಗೆತದಲ್ಲಿ ಕಳೆದವೆಂದು ಬರೆದು ಮುಗಿಸುತ್ತಿದ್ದರು. ತೆಕ್ಕಲಕೋಟೆ, ಹಳ್ಳೂರುಗಳಲ್ಲಿ ಎಂ. ಎಸ್. ನಾಗರಾಜರಾವ್ ಅವರು 1960ರ ದಶಕದಲ್ಲಿ ಉತ್ಖನನ ಮಾಡಿದಾಗಲೂ ಮಕ್ಕಳ ಗಡಿಗೆ ಸಮಾಧಿಗಳು ಸಿಕ್ಕಿದ್ದವು. ಎಳೆಯ ಮಕ್ಕಳನ್ನು ಸುಡದೆ ಹೂಳುವ ರೂಢಿ ನಮ್ಮ ಎಷ್ಟೋ ಮನೆಗಳಲ್ಲಿ ಇಂದಿಗೂ ಇದೆ ಎಂಬುದನ್ನು ನೆನೆದರೆ ಆ ಗಡಿಗೆಯ ಮುಂದೆ ಕೂತಾಗ ಕೈ ತಾನಾಗಿ ನಿಧಾನವಾಗುತ್ತದೆ.

ಹೆಜ್ಜೆ 5: ಎತ್ತುವ ಮೊದಲು ಬರೆಯಿರಿ, ಮಾದರಿ ತೆಗೆಯಿರಿ

ಗ್ರಾಫ್ ಹಾಳೆಯ ಮೇಲೆ ಹತ್ತಕ್ಕೆ ಒಂದರ ಅಳತೆಯಲ್ಲಿ ಪ್ರತಿ ಎಲುಬನ್ನೂ ಚಿತ್ರಿಸಿ. ಫೋಟೊ ಇದೆಯಲ್ಲ ಎನ್ನಬೇಡಿ. ಕೈಯಿಂದ ಬರೆಯುವಾಗ ಕಣ್ಣು ನೋಡುವುದನ್ನು ಕ್ಯಾಮೆರಾ ನೋಡುವುದಿಲ್ಲ. ಸುತ್ತಲೂ ತೆಗೆದ ಫೋಟೊಗಳಿಂದ ಕಂಪ್ಯೂಟರಿನಲ್ಲಿ ಮೂರು ಆಯಾಮದ ಪ್ರತಿರೂಪ ಕಟ್ಟುವ ವಿಧಾನ ಈಗ ಸುಲಭವಾಗಿದೆ, ಅದನ್ನೂ ಮಾಡಿ. ಪ್ರತಿ ಎಲುಬಿನ ಆಳವನ್ನು ಒಂದು ಸ್ಥಿರ ಬಿಂದುವಿನಿಂದ ಅಳೆದು ಬರೆಯಿರಿ.

ಡಿಎನ್‌ಎಗೆ ಮಾದರಿ ಬೇಕಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ತೆಗೆಯಬೇಕು: ಮುಖಗವಸು, ಎರಡು ಪದರ ಕೈಗವಸು, ಮೈಮುಚ್ಚುವ ನಿಲುವಂಗಿ ಧರಿಸಿ, ಒಬ್ಬರೇ. ನಿಮ್ಮ ಒಂದು ಸೀನು ಸಾವಿರಾರು ವರ್ಷದ ಹಿಂದಿನವರ ಡಿಎನ್‌ಎಯನ್ನು ಮುಳುಗಿಸಿಬಿಡಬಹುದು. ತೆಗೆಯಬೇಕಾದ್ದು ಒಳಕಿವಿಯನ್ನು ಸುತ್ತುವರಿದು ತಲೆಬುರುಡೆಯ ತಳದಲ್ಲಿರುವ ಕಲ್ಲಿನಷ್ಟು ಗಟ್ಟಿಯಾದ ಎಲುಬು, ಇಲ್ಲವೇ ಬೇರುಸಹಿತ ಒಂದು ದವಡೆ ಹಲ್ಲು. ಸೊಂಟದ ಗುಳಿಯ ಮಣ್ಣನ್ನು ಬೇರೆ ಚೀಲಕ್ಕೆ ಹಾಕಿ. ಹೊಟ್ಟೆಹುಳುಗಳ ತತ್ತಿ, ಮೂತ್ರಕೋಶದ ಕಲ್ಲು, ಗರ್ಭಿಣಿಯಾಗಿದ್ದರೆ ಭ್ರೂಣದ ಎಳೆ ಎಲುಬು, ಎಲ್ಲ ಅಲ್ಲೇ ಇರುತ್ತವೆ. ಹೋಲಿಕೆಗೆ ಸಮಾಧಿಯ ಹೊರಗಿನ ಮಣ್ಣೂ ಬೇಕು. ಉಳಿದ ಮಣ್ಣೆಲ್ಲ ಸಣ್ಣ ಕಣ್ಣಿನ ಜರಡಿಗೆ.

ಹೆಜ್ಜೆ 6: ಎತ್ತುವುದು, ಕಟ್ಟುವುದು

ಗಟ್ಟಿ ಎಲುಬನ್ನು ಎರಡೂ ಕೈಗಳಿಂದ, ಉದ್ದಕ್ಕೂ ಆಸರೆ ಕೊಟ್ಟು ಎತ್ತಿ. ತಲೆಬುರುಡೆಯನ್ನು ಕಣ್ಣಿನ ಗುಳಿಗೆ ಬೆರಳು ತೂರಿಸಿ ಹಿಡಿಯಬೇಡಿ. ಒಳಗಿನ ಮಣ್ಣನ್ನು ಅಲ್ಲಿ ತೆಗೆಯಲೂ ಬೇಡಿ. ಗಡಿಗೆ ಸಮಾಧಿಯನ್ನು ಮಣ್ಣಿನ ಸಮೇತ ಇಡಿಯಾಗಿ ಪ್ಲಾಸ್ಟರ್ ಪಟ್ಟಿ ಸುತ್ತಿ ಎತ್ತಿದರೆ ಒಳಗನ್ನು ಪ್ರಯೋಗಾಲಯದಲ್ಲಿ ನಿಧಾನವಾಗಿ ತೆರೆಯಬಹುದು.

ಪುಡಿಪುಡಿಯಾಗುವ ಎಲುಬಿಗೆ ಅಂಗಡಿಯ ಅಂಟು ಬಳಿಯುವುದು ಹಳೆಯ ದುರಭ್ಯಾಸ. ಮತ್ತೆ ಬಿಡಿಸಲು ಬಾರದ ಅಂಟು ಎಲುಬನ್ನು ಶಾಶ್ವತವಾಗಿ ಕೆಡಿಸುತ್ತದೆ, ಕಾಲನಿರ್ಣಯಕ್ಕೂ ಅಡ್ಡಬರುತ್ತದೆ. ಅನಿವಾರ್ಯವಾದರೆ ಅಸಿಟೋನಿನಲ್ಲಿ ಕರಗುವ ಪ್ಯಾರಲಾಯ್ಡ್ ಬಿ-72 ಎಂಬ ಅಂಟನ್ನು ಬಳಸಿ. ಆದರೆ ಮಾದರಿ ತೆಗೆದ ಮೇಲೆ, ಎಲ್ಲಿ ಎಷ್ಟು ಬಳಿದಿರಿ ಎಂದು ಬರೆದಿಟ್ಟು. ಎಲುಬು ನೆರಳಲ್ಲಿ ನಿಧಾನವಾಗಿ ಒಣಗಲಿ. ಹಸಿಯಾಗಿರುವಾಗಲೇ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ.

ಹೆಜ್ಜೆ 7: ಮೇಜಿನ ಮೇಲೆ ಒಬ್ಬ ಮನುಷ್ಯ

ಒಣ ಬ್ರಷ್‌ನಿಂದ ಮಣ್ಣು ತೆಗೆಯಿರಿ. ಹಲ್ಲಿನ ಮೇಲಿನ ಗಾರೆಯನ್ನು ಮಾತ್ರ ಉಜ್ಜಬೇಡಿ. ತಿಂದ ಧಾನ್ಯದ ಪಿಷ್ಟದ ಕಣಗಳು, ಬಾಯಲ್ಲಿದ್ದ ಬ್ಯಾಕ್ಟೀರಿಯಾಗಳ ಡಿಎನ್‌ಎ ಅದರೊಳಗೆ ಸೆರೆಯಾಗಿರುತ್ತವೆ. ಎಲುಬುಗಳನ್ನು ದೇಹದ ಕ್ರಮದಲ್ಲಿ ಜೋಡಿಸಿ, ಇರುವುದು ಇಲ್ಲದ್ದನ್ನು ಪಟ್ಟಿ ಮಾಡಿ. ಮೊದಲ ಲೆಕ್ಕ: ಎಷ್ಟು ಜನ? ಎರಡು ಬಲ ತೊಡೆಮೂಳೆ ಇದ್ದರೆ ಕನಿಷ್ಠ ಇಬ್ಬರು. ಬೃಹತ್ ಶಿಲಾ ಸಮಾಧಿಗಳ ಬೆರಕೆ ಎಲುಬುಗಳಲ್ಲಿ ಈ ಸರಳ ಎಣಿಕೆಯೇ ದಿನಗಟ್ಟಲೆ ಹಿಡಿಯುತ್ತದೆ.

ಹೆಣ್ಣೋ ಗಂಡೋ ಎಂಬುದಕ್ಕೆ ಸೊಂಟವೇ ಒಳ್ಳೆಯ ಸಾಕ್ಷಿ. ಹೆರಿಗೆಗೆ ಒಗ್ಗಿದ ಹೆಣ್ಣಿನ ಸೊಂಟ ಅಗಲ, ಮುಂಭಾಗದ ಕೆಳಗಿನ ಕೋನ ವಿಶಾಲ, ಪಕ್ಕದ ಬಾಗು ತೆರೆದದ್ದು. ಗಂಡಿನಲ್ಲಿ ಇವೆಲ್ಲ ಕಿರಿದು. ತಲೆಬುರುಡೆಯಲ್ಲಿ ಹುಬ್ಬಿನ ದಿಂಡು, ಕಿವಿಯ ಹಿಂದಿನ ಉಬ್ಬು, ಗದ್ದದ ಚೌಕತನ ನೋಡುತ್ತಾರೆ. ಆದರೆ ತಲೆಬುರುಡೆಯೊಂದನ್ನೇ ನಂಬಬೇಡಿ: ಗಟ್ಟಿಮುಟ್ಟಾದ ರೈತ ಹೆಂಗಸಿನ ಬುರುಡೆ ಸುಲಭವಾಗಿ ಮೋಸ ಮಾಡುತ್ತದೆ. ಹರೆಯ ಬರುವ ಮೊದಲು ತೀರಿಕೊಂಡ ಮಕ್ಕಳಲ್ಲಿ ಈ ಗುರುತುಗಳು ಮೂಡಿರುವುದೇ ಇಲ್ಲ. ಅವರಿಗೆ ಡಿಎನ್‌ಎ ಅಥವಾ ಹಲ್ಲಿನ ಎನಾಮಲ್‌ನಲ್ಲಿರುವ, ಹೆಣ್ಣು ಗಂಡುಗಳಲ್ಲಿ ಬೇರೆಯಾಗುವ ಪ್ರೋಟೀನ್ ಪರೀಕ್ಷೆಯೇ ದಾರಿ.

ವಯಸ್ಸನ್ನು ಮಕ್ಕಳಲ್ಲಿ ಹಲ್ಲಿನಿಂದ ತಿಳಿಯಬಹುದು. ಮೊದಲ ಕಾಯಂ ದವಡೆ ಹಲ್ಲು ಆರರ ಸುಮಾರಿಗೆ, ಎರಡನೆಯದು ಹನ್ನೆರಡರ ಸುಮಾರಿಗೆ, ಬುದ್ಧಿಹಲ್ಲು ಹದಿನೇಳು ಹದಿನೆಂಟು ದಾಟಿದ ಮೇಲೆ. ಮುಂದೆ ಉದ್ದೆಲುಬುಗಳ ತುದಿಗಳು ಒಂದೊಂದಾಗಿ ಬೆಸೆಯುತ್ತವೆ. ಕತ್ತಿನ ಬುಡದ ಅಡ್ಡೆಲುಬಿನ ಒಳತುದಿ ಕೊನೆಯದು, ಇಪ್ಪತ್ತರ ದಶಕದ ಕೊನೆಯವರೆಗೂ ಬೆಸೆಯುತ್ತಿರುತ್ತದೆ. ಮೂವತ್ತು ದಾಟಿದವರ ವಯಸ್ಸು ಕಷ್ಟ. ಸೊಂಟದ ಎಲುಬುಗಳು ಕೂಡುವ ಮೇಲ್ಮೈಯ ಸವೆತ ನೋಡಿ ಹೇಳಬೇಕು, ಉತ್ತರ ಹತ್ತು ಹದಿನೈದು ವರ್ಷಗಳ ಅಂತರದಲ್ಲೇ ಬರುತ್ತದೆ. 'ನಲವತ್ತೆರಡು ವರ್ಷದ ಗಂಡಸು' ಎಂದು ಯಾರಾದರೂ ಖಚಿತವಾಗಿ ಬರೆದಿದ್ದರೆ ಆ ವರದಿಯನ್ನು ಎಚ್ಚರಿಕೆಯಿಂದ ಓದಿ. ಹಲ್ಲಿನ ಸವೆತವೂ ನಮ್ಮಲ್ಲಿ ದಾರಿತಪ್ಪಿಸುತ್ತದೆ. ಬೀಸುಕಲ್ಲಿನ ಹಿಟ್ಟಿನಲ್ಲಿ ಕಲ್ಲಿನ ನುಣುಪು ಪುಡಿ ಬೆರೆತು ಎಳೆಯರ ಹಲ್ಲೂ ಮುದುಕರ ಹಲ್ಲಿನಂತೆ ಸವೆದಿರುತ್ತದೆ.

ಎತ್ತರಕ್ಕೆ ತೊಡೆಮೂಳೆ ಅಳೆಯಿರಿ. ಅದು ಎತ್ತರದ ಕಾಲು ಭಾಗಕ್ಕಿಂತ ತುಸು ಹೆಚ್ಚು. 1952ರಲ್ಲಿ ಟ್ರಾಟರ್ ಮತ್ತು ಗ್ಲೆಸರ್ ಕೊಟ್ಟ ಸೂತ್ರಗಳು ಇಂದಿಗೂ ಬಳಕೆಯಲ್ಲಿವೆ, ಆದರೆ ಅವು ಅಮೆರಿಕದವರ ದೇಹಗಳ ಮೇಲೆ ಕಟ್ಟಿದವು. ಕಾಲು ಮತ್ತು ಮುಂಡದ ಅನುಪಾತ ಎಲ್ಲ ಜನರಲ್ಲಿ ಒಂದೇ ಅಲ್ಲ. ಭಾರತೀಯರ ಮೇಲೆ ಮಾಡಿದ ಸೂತ್ರ ಬಳಸಿ, ಯಾವುದನ್ನು ಬಳಸಿದಿರಿ ಎಂದು ಬರೆಯಿರಿ.

ಹೆಜ್ಜೆ 8: ಬದುಕಿದ ಬಗೆ

ನನಗೆ ಅತ್ಯಂತ ಪ್ರಿಯವಾದ ಹಂತ ಇದು. ಕುಕ್ಕರುಗಾಲಿನಲ್ಲಿ ಕುಳಿತು ಬದುಕಿದವರ ಮೊಣಕಾಲ ಕೆಳಗಿನ ಎಲುಬಿನ ಕೆಳತುದಿಯಲ್ಲಿ, ಪಾದದ ಗಂಟಿಗೆ ತಾಗುವೆಡೆ, ಸಣ್ಣ ಹೆಚ್ಚುವರಿ ನಯ ಮೇಲ್ಮೈ ಮೂಡಿರುತ್ತದೆ. ಒಲೆಯ ಮುಂದೆ, ಗದ್ದೆಯಲ್ಲಿ, ಜಗಲಿಯಲ್ಲಿ ಹಾಗೆ ಕೂತ ನಮ್ಮ ಅಜ್ಜಿಯರ ಎಲುಬುಗಳಲ್ಲೂ ಅದು ಇರುತ್ತದೆ. ಮಗುವಿಗೆ ಎರಡು ಮೂರು ವರ್ಷದಲ್ಲಿ ಕಠಿಣ ಕಾಯಿಲೆಯೋ ಹಸಿವೋ ಬಂದಿದ್ದರೆ, ಆಗ ಬೆಳೆಯುತ್ತಿದ್ದ ಹಲ್ಲಿನ ಎನಾಮಲ್ ನಿಂತು ಅಡ್ಡಗೆರೆ ಬೀಳುತ್ತದೆ. ಆ ಗೆರೆಯ ಜಾಗ ಅಳೆದು ಯಾವ ವಯಸ್ಸಿನಲ್ಲಿ ಕಷ್ಟ ಬಂತೆಂದು ಹೇಳಬಹುದು. ಕಣ್ಣಿನ ಗುಳಿಯ ಮೇಲ್ಛಾವಣಿಯಲ್ಲಿ ಸಣ್ಣ ತೂತುಗಳಿದ್ದರೆ ರಕ್ತಹೀನತೆಯ ಶಂಕೆ. ಧಾನ್ಯ ತಿನ್ನುವವರಾದ ಮೇಲೆ ಹಲ್ಲಿನ ಹುಳುಕು ಹೆಚ್ಚುತ್ತದೆ.

ಈಗಿನ ಪಾಕಿಸ್ತಾನದ ಮೆಹರ್‌ಗಢದಲ್ಲಿ, 7500ರಿಂದ 9000 ವರ್ಷಗಳ ಹಿಂದೆ ಬದುಕಿದ ಒಂಬತ್ತು ಜನರ ಹನ್ನೊಂದು ದವಡೆ ಹಲ್ಲುಗಳನ್ನು ಕಲ್ಲಿನ ಮೊನೆಯಿಂದ ಕೊರೆದಿರುವುದು ಸಿಕ್ಕಿತು. ತೂತಿನ ಅಂಚು ಆಮೇಲೂ ಸವೆದಿರುವುದರಿಂದ ಅವರು ಕೊರೆಸಿಕೊಂಡ ಮೇಲೂ ಬದುಕಿ ಉಂಡರು ಎಂದು ತಿಳಿಯಿತು. ರಾಜಸ್ಥಾನದ ಬಾಲಾಥಲ್‌ನಲ್ಲಿ ಸುಮಾರು 4000 ವರ್ಷ ಹಿಂದಿನ ನಡುವಯಸ್ಸಿನ ಗಂಡಸೊಬ್ಬರ ಮೂಗಿನ ಸುತ್ತಲಿನ ಮತ್ತು ಅಂಗುಳಿನ ಎಲುಬುಗಳು ಕುಷ್ಠರೋಗದ ರೀತಿಯಲ್ಲಿ ಸವೆದಿದ್ದವು. 2009ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಅವರನ್ನು ಹೂಳಿದ್ದು ಸುಟ್ಟ ಸಗಣಿಯ ಬೂದಿ ತುಂಬಿದ ಕಲ್ಲಿನ ಆವರಣದೊಳಗೆ. ಬೂದಿ ಆ ಎಲುಬನ್ನು ಕಾಯಿತು.

ಒಂದೇ ರೋಗ ಎಲುಬಿನ ಮೇಲೆ ಹಲವು ಗುರುತು ಬಿಡುತ್ತದೆ, ಹಲವು ರೋಗಗಳು ಒಂದೇ ಗುರುತು ಬಿಡುತ್ತವೆ. ಬೇಗ ಕೊಂದ ರೋಗ ಗುರುತನ್ನೇ ಬಿಡುವುದಿಲ್ಲ. ಗಾಯ ಮಾಗಿದ್ದ ಎಲುಬು ಆ ಮನುಷ್ಯ ಬದುಕುಳಿದದ್ದಕ್ಕೆ ಸಾಕ್ಷಿ. ಏನೂ ಗುರುತಿಲ್ಲದ ಎಲುಬು ಆರೋಗ್ಯಕ್ಕೆ ಸಾಕ್ಷಿಯಲ್ಲ.

ಹೆಜ್ಜೆ 9: ಕಾಲ, ಊಟ, ಊರು

ಕಾಲ ತಿಳಿಯಲು ಎಲುಬಿನಲ್ಲಿ ಉಳಿದಿರುವ ಇಂಗಾಲ-14ನ್ನು ಅಳೆಯುತ್ತಾರೆ. ಅದು ಕ್ಷಯಿಸುತ್ತ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, ಅಂದರೆ ಅರ್ಧಾಯುಷ್ಯ, 5730 ವರ್ಷ. ಈ ವಿಧಾನ ಸುಮಾರು 50,000 ವರ್ಷಗಳ ಹಿಂದಿನವರೆಗೆ ಕೆಲಸ ಮಾಡುತ್ತದೆ. ಎಲುಬಿನಲ್ಲಿ ಅಳೆಯುವುದು ಕೊಲಾಜನ್ ಎಂಬ ಪ್ರೋಟೀನಿನ ಇಂಗಾಲವನ್ನು. ನಮ್ಮ ಸೆಕೆಯಲ್ಲಿ ಕೊಲಾಜನ್ ಬೇಗ ನಶಿಸುವುದರಿಂದ ದಕ್ಷಿಣದ ಎಷ್ಟೋ ಎಲುಬುಗಳು ಕೈಕೊಡುತ್ತವೆ. ಆಗ ಅದೇ ಕುಳಿಯ ಇದ್ದಿಲು, ಸುಟ್ಟ ಕಾಳು ನೆರವಿಗೆ ಬರುತ್ತವೆ. ಇದ್ದಿಲಿಗಿಂತ ಕಾಳು ಮೇಲು: ನೂರು ವರ್ಷದ ಮರದ ತಿರುಳು ಸುಟ್ಟರೆ ಕಾಲವೂ ನೂರು ವರ್ಷ ಹಿಂದೆ ಸರಿಯುತ್ತದೆ, ಕಾಳಿನ ಬಾಳು ಒಂದೇ ಬೆಳೆ.

ಸಾಧ್ಯವಿದ್ದಲ್ಲಿ ಒಬ್ಬೊಬ್ಬರ ಕಾಲವನ್ನೂ ಬೇರೆಯಾಗಿ ಅಳೆಯಿರಿ. ಹಿಮಾಲಯದ ರೂಪಕುಂಡ ಸರೋವರದ ನೂರಾರು ಎಲುಬುಗಳನ್ನು ಬಹುಕಾಲ ಒಂದೇ ದುರಂತದಲ್ಲಿ ಸತ್ತ ಯಾತ್ರಿಕರದೆಂದು ನಂಬಲಾಗಿತ್ತು. 2019ರಲ್ಲಿ 38 ಜನರ ಡಿಎನ್‌ಎ ಓದಿದಾಗ 23 ಮಂದಿ ದಕ್ಷಿಣ ಏಷ್ಯಾದವರು, 14 ಮಂದಿ ಪೂರ್ವ ಮೆಡಿಟರೇನಿಯನ್ ಮೂಲದವರು, ಒಬ್ಬರು ಆಗ್ನೇಯ ಏಷ್ಯಾದವರೆಂದು ತಿಳಿಯಿತು. ಮೊದಲ ಗುಂಪಿನವರು ಸತ್ತದ್ದು ಒಂದು ಸಾವಿರ ವರ್ಷಕ್ಕೂ ಹಿಂದೆ, ಅದೂ ಒಂದೇ ಸಲಕ್ಕಲ್ಲ. ಉಳಿದವರು ಅವರಿಗಿಂತ ಸುಮಾರು ಸಾವಿರ ವರ್ಷ ಈಚಿನವರು. ಒಂದೆರಡು ಎಲುಬುಗಳ ಕಾಲವನ್ನು ಎಲ್ಲರಿಗೂ ಹಂಚಿದ್ದರೆ ಈ ಕಥೆ ಹೊರಬರುತ್ತಲೇ ಇರಲಿಲ್ಲ.

ಊಟದ ಗುರುತೂ ಇಂಗಾಲದಲ್ಲೇ ಇದೆ. ರಾಗಿ, ಜೋಳ, ಸಜ್ಜೆ, ನವಣೆ, ಕೊರಲೆಗಳು ಗಾಳಿಯ ಇಂಗಾಲವನ್ನು ಹಿಡಿಯುವ ಬಗೆ ಒಂದು, ಭತ್ತ, ಗೋಧಿ, ಬೇಳೆಕಾಳುಗಳದು ಇನ್ನೊಂದು. ಈ ವ್ಯತ್ಯಾಸ ಇಂಗಾಲ-12 ಮತ್ತು 13ರ ಅನುಪಾತವಾಗಿ ಎಲುಬಿಗೆ ಇಳಿಯುತ್ತದೆ. ನಮ್ಮ ನವಶಿಲಾಯುಗದವರು ಕೊರಲೆ, ಹುರುಳಿ, ಹೆಸರು ಬೆಳೆದರೆಂದು ಸುಟ್ಟ ಕಾಳುಗಳಿಂದ ತಿಳಿದಿದೆ. ಆದರೆ ಎಲುಬಿನಲ್ಲಿ ಸಿರಿಧಾನ್ಯದ ಗುರುತು ಕಂಡ ಮಾತ್ರಕ್ಕೆ ಅವರು ಅದನ್ನೇ ಉಂಡರೆನ್ನಬೇಡಿ. ಬಯಲಿನ ಹುಲ್ಲುಗಳಲ್ಲಿ ಹೆಚ್ಚಿನವೂ ಅದೇ ಬಗೆಯವು. ಆ ಹುಲ್ಲು ಮೇಯ್ದ ಹಸುವಿನ ಹಾಲು, ಮಾಂಸ ಉಂಡವರಲ್ಲೂ ಅದೇ ಗುರುತು. ಸಾರಜನಕದ ಅನುಪಾತ ನೋಡಿ, ಜೊತೆಗೆ ಸಿಕ್ಕ ದನಗಳ ಎಲುಬನ್ನೂ ಅಳೆದ ಮೇಲೆಯೇ ಮಾತಾಡಬೇಕು.

ಹುಟ್ಟಿದ ಊರು ತಿಳಿಯಲು ಸ್ಟ್ರಾಂಷಿಯಂ ಎಂಬ ಧಾತು. ಬಾಲ್ಯದಲ್ಲಿ ಕುಡಿದ ನೀರು, ತಿಂದ ಬೆಳೆಗಳ ಮೂಲಕ ಆ ನೆಲದ ಬಂಡೆಯ ಸಹಿ ಹಲ್ಲಿನ ಎನಾಮಲ್‌ನಲ್ಲಿ ಕೂರುತ್ತದೆ, ಆಮೇಲೆ ಬದಲಾಗುವುದಿಲ್ಲ. ವಿಜಯಪುರದ ಕರಿಕಲ್ಲಿನ ನೆಲಕ್ಕೂ ಮೈಸೂರಿನ ಬಹು ಪ್ರಾಚೀನ ಬಿಳಿಬಂಡೆಯ ನೆಲಕ್ಕೂ ಈ ಸಹಿ ಬೇರೆ ಬೇರೆ.

ಡಿಎನ್‌ಎ ವಿಷಯದಲ್ಲಿ ತಾಳ್ಮೆ ಬೇಕು. ಹರಿಯಾಣದಲ್ಲಿರುವ ಸಿಂಧೂ ನಾಗರಿಕತೆಯ ನೆಲೆ ರಾಖಿಗಢಿಯಲ್ಲಿ ಪುರಾತತ್ವಜ್ಞ ವಸಂತ ಶಿಂದೆ ಅವರ ನೇತೃತ್ವದಲ್ಲಿ ತೆಗೆದ ಎಲುಬುಗಳಿಂದ 61 ಮಾದರಿ ಪರೀಕ್ಷಿಸಿದಾಗ ಓದಬಲ್ಲಷ್ಟು ಡಿಎನ್‌ಎ ಕೊಟ್ಟದ್ದು ಒಬ್ಬ ಹೆಣ್ಣುಮಗಳು ಮಾತ್ರ. 2019ರಲ್ಲಿ ಆ ಫಲಿತಾಂಶ ಪ್ರಕಟವಾದಾಗ ಇಡೀ ದೇಶ ಅದರ ಮೇಲೆ ವಾದ ಹೂಡಿತು. ಒಬ್ಬರಿಂದ ಎಷ್ಟು ಹೇಳಬಹುದೋ ಅಷ್ಟನ್ನೇ ಹೇಳಬೇಕು.

ಹೆಜ್ಜೆ 10: ವರದಿ ಬರೆಯುವುದು, ಕಾಪಾಡುವುದು

ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಪ್ಯಾರಾಗಳಲ್ಲಿ ಬರೆಯಿರಿ. ಮೊಹೆಂಜೊದಾರೊದ ಬೀದಿ, ಮನೆಗಳಲ್ಲಿ ಅಸ್ತವ್ಯಸ್ತವಾಗಿ ಬಿದ್ದಿದ್ದ ಅಸ್ಥಿಪಂಜರಗಳನ್ನು ಆರ್ಯರ ದಾಳಿಯಲ್ಲಿ ಕೊಲೆಯಾದವರೆಂದು ವೀಲರ್ 1940ರ ದಶಕದಲ್ಲಿ ವಾದಿಸಿದರು, ಇಂದ್ರನನ್ನೇ ಆರೋಪಿಯ ಸ್ಥಾನದಲ್ಲಿ ನಿಲ್ಲಿಸಿದರು. 1964ರಲ್ಲಿ ಜಾರ್ಜ್ ಡೇಲ್ಸ್ ಅವು ಒಂದೇ ಕಾಲದ ಪದರದವೇ ಅಲ್ಲವೆಂದು ತೋರಿಸಿದರು. ಮುಂದೆ ಕೆನೆತ್ ಕೆನೆಡಿ ಎಲುಬುಗಳನ್ನೇ ಪರೀಕ್ಷಿಸಿದಾಗ ಹತ್ಯಾಕಾಂಡಕ್ಕೆ ಬೇಕಾದ ಗಾಯಗಳು ಕಾಣಲಿಲ್ಲ. ಬ್ರಹ್ಮಗಿರಿಯಲ್ಲಿ ಪದರ ಪದರವಾಗಿ ಎಚ್ಚರಿಕೆಯಿಂದ ಅಗೆಸಿದ ಅದೇ ವೀಲರ್, ಆಗಿನ್ನೂ ತಾವು ಅಗೆದಿರದ ಕಡೆ ಪದರವನ್ನು ಮರೆತು ಕಥೆ ಕಟ್ಟಿದರು. ಆ ಕಥೆ ನಮ್ಮ ಪಠ್ಯಪುಸ್ತಕಗಳಲ್ಲಿ ದಶಕಗಳ ಕಾಲ ಉಳಿಯಿತು.

ಎಲುಬುಗಳು ಮುಂದೆ ಎಲ್ಲಿರಬೇಕು ಎಂಬುದೂ ಸಂಶೋಧಕರೊಬ್ಬರೇ ತೀರ್ಮಾನಿಸುವ ವಿಷಯವಲ್ಲ. 2024ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನಲ್ಲಿ ನಾಗಾ ಪೂರ್ವಿಕರೊಬ್ಬರ ತಲೆಬುರುಡೆ ಹರಾಜಿಗೆ ಬಂದಾಗ ನಾಗಾ ಜನರು ಪ್ರತಿಭಟಿಸಿ ಅದನ್ನು ಹಿಂತೆಗೆಸಿದರು. ಊರಿನವರಿಗೆ ಅಗೆತದ ದಿನವೇ ಏನು ಸಿಕ್ಕಿತೆಂದು ಕನ್ನಡದಲ್ಲಿ ವಿವರಿಸಿ, ಕೆಲಸ ಶುರುಮಾಡುವ ಮೊದಲು ಅವರು ಪೂಜೆ ಮಾಡಬೇಕೆಂದರೆ ಕಾಯಿರಿ. ಪ್ರದರ್ಶನಕ್ಕಿಡುವಾಗ ಎಲುಬಿನ ಪಕ್ಕ ನಿಂತು ಸೆಲ್ಫಿ ತೆಗೆಯಲು ಬಿಡಬೇಡಿ.

ಹೆಚ್ಚಿನದನ್ನು ಕಲಿಯಬೇಕೆಂದರೆ ಡೆಕ್ಕನ್ ಕಾಲೇಜು, ಮೈಸೂರಿನಲ್ಲೇ ಪ್ರಾದೇಶಿಕ ಕೇಂದ್ರವಿರುವ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣ, ಮೈಸೂರು ಮತ್ತು ಧಾರವಾಡದ ವಿಶ್ವವಿದ್ಯಾಲಯಗಳ ವಿಭಾಗಗಳ ಬಾಗಿಲು ತಟ್ಟಿ. ಡಿಎನ್‌ಎ ಕಡೆ ಒಲವಿದ್ದರೆ ಹೈದರಾಬಾದಿನ ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರ (ಸಿಸಿಎಂಬಿ), ಲಖನೌದ ಬೀರಬಲ್ ಸಾಹನಿ ಸಂಸ್ಥೆಗಳಿವೆ.

ಕೊನೆಯದಾಗಿ ಪೆಟ್ಟಿಗೆ. ಒಬ್ಬರಿಗೆ ಒಂದೇ ಪೆಟ್ಟಿಗೆ. ಇಬ್ಬರ ಎಲುಬು ಎಂದೂ ಒಂದರಲ್ಲಿ ಬೆರೆಯಬಾರದು. ಭಾರವಾದ ಉದ್ದೆಲುಬು ಕೆಳಗೆ, ಪಕ್ಕೆಲುಬು ಮೇಲೆ, ತಲೆಬುರುಡೆ ತನ್ನದೇ ಪುಟ್ಟ ಪೆಟ್ಟಿಗೆಯಲ್ಲಿ ಕಾಗದದ ಸಿಂಬಿಯ ಮೇಲೆ. ನೆಲೆಯ ಹೆಸರು, ಕಂದಕದ ಸಂಖ್ಯೆ, ಪದರ, ಸಮಾಧಿಯ ಸಂಖ್ಯೆ, ತೆಗೆದ ದಿನ, ತೆಗೆದವರ ಹೆಸರು, ಇಷ್ಟನ್ನೂ ಎರಡು ಚೀಟಿಗಳಲ್ಲಿ ಬರೆದು ಒಂದನ್ನು ಒಳಗಿಡಿ, ಇನ್ನೊಂದನ್ನು ಹೊರಗೆ ಅಂಟಿಸಿ. ಪೆನ್ಸಿಲ್ಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಒಂದೇ ಮಳೆಗಾಲದ ತೇವಕ್ಕೆ ಹರಡಿಹೋಗುತ್ತದೆ.